ಬಟನ್‌ಗಳ ಮೂಲೆಯಲ್ಲಿ ಬಿಳಿ ಬಣ್ಣ ಹೋಗುತ್ತಿಲ್ಲ, ತಿಳಿದವರು ದಯವಿಟ್ಟು ನೋಡಿ

ಮುಳ್ಳೇರಿಯ ಮದ್ದಳೆ
ನಮ್ಮ ಯಕ್ಷಗಾನ ಸಂಘದ ಜಾಲತಾಣಕ್ಕೆ ಬಟನ್ ಮಾಡಿ ಮಾಡಿ ಸಾಕಾಗಿದೆ. ಮುಖಪುಟ, ಕಾರ್ಯಕ್ರಮ, ಪ್ರಸಂಗ, ಸಂಪರ್ಕ ಎಂದು ನಾಲ್ಕೇ ಬಟನ್. ಮೂಲೆಗಳನ್ನು ದುಂಡಗೆ ಮಾಡಿ, ಸುತ್ತ ಚಿನ್ನದ ಬಣ್ಣದ ಅಂಚು ಕೊಟ್ಟಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ನೋಡಿದರೆ ಅಚ್ಚುಕಟ್ಟಾಗಿದೆ. ತಾಣದಲ್ಲಿ ನೋಡಿದರೆ ಪ್ರತಿಯೊಂದರ ಮೂಲೆಯಲ್ಲೂ ಬಿಳಿ ತುಂಡು. ಯಕ್ಷಗಾನದ ತಿರುಗಾಟ ಮುಗಿಯುವ ಪತ್ತನಾಜೆಯ ದಿನದೊಳಗೆ ತಾಣ ತೆರೆಯಬೇಕೆಂದು ಸಂಘದವರು ದಿನವೂ ಕೇಳುತ್ತಿದ್ದಾರೆ. ಮಾಡಬೇಕಾದುದನ್ನೆಲ್ಲ ಸರಿಯಾಗಿಯೇ ಮಾಡಿದ್ದೇನೆ. ಇನ್ನೇನು ಮಾಡಲಿ?

ಗಡಿನಾಡು ಗಣಕ
ಯಾವ ಫಾಂಟ್ ಬಳಸಿದ್ದೀರಿ? ‘ನುಡಿ’ ತಂತ್ರಾಂಶದ ಹಳೆಯ ಫಾಂಟ್ ಆಗಿದ್ದರೆ ಅಲ್ಲೇ ಇದೆ ತೊಂದರೆ. ಯೂನಿಕೋಡ್ ಅಲ್ಲದ ಫಾಂಟ್‌ಗಳನ್ನು ಈಗಿನ ಬ್ರೌಸರ್‌ಗಳು ಸರಿಯಾಗಿ ತೋರಿಸುವುದಿಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿ ನೋಡಿ.

ಪೆರ್ಲದ ಪಿಕ್ಸೆಲ್
ಯಾವ ತಂತ್ರಾಂಶ? ಯಾವ ಆವೃತ್ತಿ? ಕಡತದ ವಿಧ ಯಾವುದು? ತಾಣದ ಹಿನ್ನೆಲೆಯ ಬಣ್ಣ ಯಾವುದು? ಇಷ್ಟನ್ನಾದರೂ ಹೇಳದಿದ್ದರೆ ನಾವು ಕವಡೆ ಹಾಕಿಯೇ ನೋಡಬೇಕು.

ಮುಳ್ಳೇರಿಯ ಮದ್ದಳೆ
ಚಿತ್ರ ತಿದ್ದುವ ಜಿಂಪ್, ಇನ್ನೇನು. ಪಿಎನ್‌ಜಿ, ಅದೂ ಗೊತ್ತಿರುವುದೇ ಅಲ್ಲವೇ? ಹಿನ್ನೆಲೆ ಕಡು ಕೆಂಪು. ಫಾಂಟ್ ನೋಟೊವೇ, ಗಣಕ ಅಣ್ಣ. ಅಕ್ಷರ ಚೆನ್ನಾಗಿಯೇ ಇದೆ, ಕೆಟ್ಟಿರುವುದು ಮೂಲೆ.

ಪೆರ್ಲದ ಪಿಕ್ಸೆಲ್
ಹಾಗಾದರೆ ಆಲ್ಫಾ ಚಾನೆಲ್, ಅಂದರೆ ಯಾವ ಚುಕ್ಕೆ ಎಷ್ಟು ಪಾರದರ್ಶಕ ಎಂಬ ಮಾಹಿತಿ, ಇದೆಯೇ ನೋಡಿ. ಚಿತ್ರ ತೆರೆದಾಗ ದುಂಡು ಮೂಲೆಯ ಹೊರಗೆ ಬೂದು ಬಣ್ಣದ ಚೌಕಳಿ ಕಾಣಬೇಕು. ಅಲ್ಲಿ ಬಿಳಿ ಇದ್ದರೆ ಚಿತ್ರದ ಆ ಲೇಯರಿಗೆ (ಪದರಕ್ಕೆ) ಪಾರದರ್ಶಕತೆಯೇ ಇಲ್ಲ. ‘ಲೇಯರ್’ ಮೆನುವಿನ ‘ಟ್ರಾನ್ಸ್‌ಪರೆನ್ಸಿ’ಯೊಳಗೆ ‘ಆ್ಯಡ್ ಆಲ್ಫಾ ಚಾನೆಲ್’ ಒತ್ತಿ. ಆಮೇಲೆ ಆಯತವನ್ನು ಆಯ್ದು, ‘ಸೆಲೆಕ್ಟ್’ ಮೆನುವಿನ ‘ರೌಂಡೆಡ್ ರೆಕ್ಟಾಂಗಲ್’ ಕೊಟ್ಟು, ‘ಇನ್ವರ್ಟ್’ ಮಾಡಿ ಡಿಲೀಟ್ ಒತ್ತಿ. ಕೊನೆಗೆ ‘ಎಕ್ಸ್‌ಪೋರ್ಟ್ ಆ್ಯಸ್’ ಎಂದೇ ಕೊಡಿ. 2.8ನೇ ಆವೃತ್ತಿಯಿಂದೀಚೆಗೆ ‘ಸೇವ್’ ಕೊಟ್ಟರೆ ಜಿಂಪ್‌ನ ಸ್ವಂತ ಎಕ್ಸ್‌ಸಿಎಫ್ ಕಡತ ಮಾತ್ರ ಸಿಗುತ್ತದೆ.

ಮುಳ್ಳೇರಿಯ ಮದ್ದಳೆ
ಅದೆಲ್ಲ ಆಗಿದೆ. ಚೌಕಳಿ ಕಾಣುತ್ತದೆ. ಎಕ್ಸ್‌ಪೋರ್ಟ್ ಮಾಡಿದ ಕಡತವನ್ನು ಮತ್ತೆ ಜಿಂಪ್‌ನಲ್ಲಿ ತೆರೆದರೂ ಚೌಕಳಿಯೇ ಇದೆ.

ಗಡಿನಾಡು ಗಣಕ
ಅಕ್ಷರದ ಲೇಯರನ್ನು ಚಿತ್ರದೊಂದಿಗೆ ವಿಲೀನ ಮಾಡಿದ್ದೀರಾ? ನೋಡುವವರ ಮೊಬೈಲಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಹೀಗೆ ಬಿಳಿ ಬರುವ ಸಾಧ್ಯತೆ ಇದೆ. ಕನ್ನಡ ಫಾಂಟ್‌ಗಳ ಜೊತೆ ಏಗಿಯೇ ಬೆಳೆದವನು ನಾನು, ಅನುಭವದಿಂದ ಹೇಳುತ್ತಿದ್ದೇನೆ.

ನೀರ್ಚಾಲು ಅಕ್ಕ
ಗಣಕ ಅವರೇ, ಪಿಎನ್‌ಜಿ ಆದ ಮೇಲೆ ಅದರಲ್ಲಿ ಫಾಂಟ್ ಎಲ್ಲಿಂದ ಬಂತು? ‘ಸಂಪರ್ಕ’ದ ಅರ್ಕಾವೊತ್ತೂ ಬಣ್ಣದ ಚುಕ್ಕೆ, ‘ಪ್ರಸಂಗ’ದ ಒತ್ತಕ್ಷರವೂ ಬಣ್ಣದ ಚುಕ್ಕೆ. ನೋಡುವವರ ಮೊಬೈಲಿಗೆ ಅದು ಕನ್ನಡವೋ ಮಲಯಾಳವೋ ಎಂದೂ ತಿಳಿಯುವುದಿಲ್ಲ.
ಮದ್ದಳೆಯವರಿಗೆ ನನ್ನ ಸಲಹೆ: ಅಕ್ಷರವನ್ನು ಚಿತ್ರ ಮಾಡುವ ಕಾಲ ಹೋಯಿತು. ಪುಟದ ರೂಪ ಹೇಗಿರಬೇಕೆಂದು ಬರೆಯುವ ಸಿಎಸ್‌ಎಸ್‌ನಲ್ಲಿ ಬಾರ್ಡರ್-ರೇಡಿಯಸ್ ಎಂಬ ಒಂದೇ ಸಾಲು ಬರೆದರೆ ಮೂಲೆ ದುಂಡಗಾಗುತ್ತದೆ. ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶಕ್ಕೂ ಸಿಗುತ್ತದೆ. ಚಿತ್ರವನ್ನೇ ಹಾಕುತ್ತೇನೆ ಎಂದು ಹಟ ಹಿಡಿದರೆ ಆಲ್ಟ್ ಪಠ್ಯವನ್ನಾದರೂ, ಅಂದರೆ ಚಿತ್ರದ ಬದಲು ಆ ತಂತ್ರಾಂಶ ಓದುವ ಮಾತನ್ನಾದರೂ ಬರೆಯಿರಿ.

ಮುಳ್ಳೇರಿಯ ಮದ್ದಳೆ
ಅಕ್ಕ, ನನ್ನ ಬಟನ್‌ನ ಅಂಚಿನಲ್ಲಿ ಕಿರೀಟದ ಮಣಿಸಾಲಿನ ಚಿತ್ತಾರ ಇದೆ. ನಾನೇ ಕುಳಿತು ಬಿಡಿಸಿದ್ದು. ಅದನ್ನು ಸಿಎಸ್‌ಎಸ್‌ನಲ್ಲಿ ಮಾಡಿ ತೋರಿಸಿ ನೋಡುವ.

ನೀರ್ಚಾಲು ಅಕ್ಕ
ಚಿತ್ತಾರವನ್ನು ಮಾತ್ರ ಹಿನ್ನೆಲೆಯ ಚಿತ್ರವಾಗಿ ಇಟ್ಟು, ಮೇಲೆ ಅಕ್ಷರ ಬರೆಯಿರಿ. ನಾಲ್ಕು ಬಟನ್‌ಗೂ ಒಂದೇ ಚಿತ್ರ ಸಾಕು. ನಾಳೆ ‘ಕಲಾವಿದರು’ ಎಂದು ಐದನೆಯದು ಬೇಕಾದರೆ ಜಿಂಪ್ ತೆರೆಯುವುದೇ ಬೇಡ.

ಉಪ್ಪಳ ಪ್ರಿಂಟರ್ಸ್
ಇಷ್ಟೆಲ್ಲ ಯಾಕೆ? ಗಿಫ್ ಮಾಡಿ ಹಾಕಿ. ನಾವು ಹಿಂದಿನಿಂದಲೂ ಹಾಗೆಯೇ ಮಾಡುತ್ತಿದ್ದೇವೆ. ಮತ್ತೆ, ಕೆಲಸ ತಿಳಿದವರು ಫೋಟೋಶಾಪ್‌ನಲ್ಲೇ ಮಾಡುತ್ತಾರೆ.

ಪೆರ್ಲದ ಪಿಕ್ಸೆಲ್
ಗಿಫ್‌ನಲ್ಲಿ ಒಂದು ಚುಕ್ಕೆ ಪೂರ್ತಿ ಕಾಣಬೇಕು, ಇಲ್ಲವೇ ಪೂರ್ತಿ ಮಾಯವಾಗಬೇಕು. ಅರೆ ಪಾರದರ್ಶಕ ಎಂಬುದೇ ಅಲ್ಲಿಲ್ಲ. ದುಂಡು ಮೂಲೆ ನಯವಾಗಿ ಕಾಣುವುದೇ ಅಂಚಿನ ಅರೆ ಪಾರದರ್ಶಕ ಚುಕ್ಕೆಗಳಿಂದ. ಅವು ಹೋದರೆ ಮೂಲೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಗಿಫ್ ಮಾಡಲೇಬೇಕೆಂದಿದ್ದರೆ ಹಿನ್ನೆಲೆಯ ಬಣ್ಣವನ್ನು ಆ ಕಡು ಕೆಂಪಿಗೆ ಹೊಂದಿಸಿ ‘ಸೆಮಿ-ಫ್ಲಾಟನ್’ ಮಾಡಬೇಕು, ಅಂದರೆ ಅರೆ ಪಾರದರ್ಶಕ ಚುಕ್ಕೆಗಳಿಗೆ ಆ ಬಣ್ಣ ಬೆರೆಸಬೇಕು. ಬಣ್ಣವೂ 256 ಮಾತ್ರ, ಚಿನ್ನದ ಅಂಚಿನ ಏರಿಳಿತ ಪಟ್ಟೆ ಪಟ್ಟೆಯಾದೀತು.
ಫೋಟೋಶಾಪ್ ಮಾತು ಇಲ್ಲಿ ಬೇಡ. ಹಳೆಯ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತಿದ್ದುದನ್ನು ಮರೆತಿರೇ?

ಉಪ್ಪಳ ಪ್ರಿಂಟರ್ಸ್
ಈಗ ಬೀಳುವುದಿಲ್ಲ. ನಮ್ಮ ಅಂಗಡಿಗೆ ಬಂದು ನೋಡಿ: 27 ಇಂಚಿನ ಪರದೆ ಎರಡು, ಪೆನ್ ಟ್ಯಾಬ್ಲೆಟ್, ಕರೆಂಟು ಹೋದರೆ ಮಧ್ಯಾಹ್ನದವರೆಗೆ ನಡೆಯುವ ಬ್ಯಾಟರಿ. ಮದುವೆ ಕಾಗದ ಮೂರು ಭಾಷೆಯಲ್ಲಿ ಒಂದೇ ಹಾಳೆಗೆ ಕೂರಿಸುತ್ತೇವೆ.

ಗಡಿನಾಡು ಗಣಕ
ಪರದೆ ಎಷ್ಟು ದೊಡ್ಡದಾದರೇನು, ಫಾಂಟ್ ಸರಿ ಇಲ್ಲದಿದ್ದರೆ?

ಪೆರ್ಲದ ಪಿಕ್ಸೆಲ್
ಮದ್ದಳೆಯವರೇ, ಒಂದು ಪ್ರಶ್ನೆ. ಜಿಂಪ್‌ನಿಂದ ಹೊರಬಂದ ಕಡತ ತಾಣಕ್ಕೆ ಹೋಗುವುದು ಹೇಗೆ? ನೀವೇ ಏರಿಸುತ್ತೀರಾ?

ಮುಳ್ಳೇರಿಯ ಮದ್ದಳೆ
ಇಲ್ಲ, ಅಳಿಯ ಮಂಗಳೂರಿನಲ್ಲಿದ್ದಾನೆ, ಅವನು ಏರಿಸುತ್ತಾನೆ. ನಾನು ಮೊಬೈಲಿಗೆ ಹಾಕಿಕೊಂಡು ಸಂದೇಶದಲ್ಲಿ ಅವನಿಗೆ ಕಳುಹಿಸುತ್ತೇನೆ. ಇದಕ್ಕೂ ಮೂಲೆಗೂ ಏನು ಸಂಬಂಧ?

ಪೆರ್ಲದ ಪಿಕ್ಸೆಲ್
ಸಂಬಂಧ ಇರುವುದೇ ಅಲ್ಲಿ. ಸಂದೇಶದ ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಗಾತ್ರ ಇಳಿಸಲು ಅದನ್ನು ಜೆಪಿಇಜಿ ಮಾಡಿಬಿಡುತ್ತದೆ. ಜೆಪಿಇಜಿಗೆ ಪಾರದರ್ಶಕತೆ ಎಂಬುದೇ ಇಲ್ಲ. ಖಾಲಿ ಇದ್ದ ಜಾಗಕ್ಕೆ ಬಿಳಿ ತುಂಬುತ್ತದೆ, ಕೆಲವು ಕಡೆ ಕಪ್ಪು.

ಮುಳ್ಳೇರಿಯ ಮದ್ದಳೆ
ತಾಣದಲ್ಲಿರುವ ಕಡತದ ಹೆಸರಿನ ಕೊನೆಯಲ್ಲಿ ಪಿಎನ್‌ಜಿ ಎಂದೇ ಇದೆಯಲ್ಲ!

ಪೆರ್ಲದ ಪಿಕ್ಸೆಲ್
ಹೆಸರು ಬದಲಾಯಿಸಿದರೆ ಒಳಗಿನದು ಬದಲಾಗುತ್ತದೆಯೇ ಭಾವ? ಪುಟದಲ್ಲಿ ಪಿಎನ್‌ಜಿ ಎಂದು ಬರೆದಿರುವುದರಿಂದ ಅಳಿಯ ಬಂದ ಕಡತಕ್ಕೆ ಅದೇ ಬಾಲ ಅಂಟಿಸಿರಬೇಕು. ಬ್ರೌಸರ್ ಬಾಲ ನೋಡುವುದಿಲ್ಲ, ಒಳಗಿನ ಮೊದಲ ಬೈಟ್‌ಗಳನ್ನು ನೋಡಿ ಚಿತ್ರ ತೋರಿಸಿಬಿಡುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.
ತಾಣದಿಂದ ಆ ಬಟನ್ ಇಳಿಸಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕಸದಂತಹ ಅಕ್ಷರಗಳ ರಾಶಿ ಬರುತ್ತದೆ, ಹೆದರಬೇಡಿ. ಆರಂಭದಲ್ಲೇ ಇಂಗ್ಲಿಷಿನಲ್ಲಿ ಪಿಎನ್‌ಜಿ ಎಂಬ ಮೂರಕ್ಷರ ಇದ್ದರೆ ನಾನು ಹೇಳಿದ್ದು ತಪ್ಪು. ಜೆಎಫ್‌ಐಎಫ್ ಎಂದು ಕಂಡರೆ ಅದು ಜೆಪಿಇಜಿ.

ಮುಳ್ಳೇರಿಯ ಮದ್ದಳೆ
ಜೆಎಫ್‌ಐಎಫ್ ಎಂದೇ ಇದೆ. ಅಳಿಯನಿಗೆ ಈಗಲೇ ಫೋನ್ ಮಾಡುತ್ತೇನೆ.

ನೀರ್ಚಾಲು ಅಕ್ಕ
ಪಾಪ, ಹುಡುಗನಿಗೆ ಬೈಯಬೇಡಿ. ಎಲ್ಲವನ್ನೂ ಒಂದು ಜಿಪ್ ಮಾಡಿ ಇಮೇಲ್‌ನಲ್ಲಿ ಕಳುಹಿಸಿ. ಅದೇ ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಿದರೂ ಕಡತ ಇದ್ದ ಹಾಗೆಯೇ ಹೋಗುತ್ತದೆ. ಹೇಗೂ ಹೊಸದಾಗಿ ಕಳುಹಿಸುತ್ತೀರಿ, ಚಿತ್ರವನ್ನು ಬೇಕಾದ ಅಳತೆಯ ಎರಡರಷ್ಟು ಮಾಡಿ. ಪುಟದಲ್ಲಿ 160 ಪಿಕ್ಸೆಲ್ ಅಗಲ ಬೇಕಿದ್ದರೆ ಚಿತ್ರ 320 ಇರಲಿ. ಈಗಿನ ಮೊಬೈಲ್ ಪರದೆಗಳಲ್ಲಿ ಮಣಿಸಾಲು ಮಸುಕಾಗುವುದಿಲ್ಲ.

ಮುಳ್ಳೇರಿಯ ಮದ್ದಳೆ
ಜಿಪ್ ಕಳುಹಿಸಿ ಏರಿಸಿಯಾಯಿತು. ಮೂರು ಬಟನ್ ಸರಿಯಾದವು, ಕೆಂಪಿನ ಮೇಲೆ ಚಿನ್ನ ಎದ್ದು ಕಾಣುತ್ತಿದೆ. ‘ಸಂಪರ್ಕ’ ಮಾತ್ರ ಇನ್ನೂ ಬಿಳಿ ಹೊತ್ತುಕೊಂಡೇ ಕುಳಿತಿದೆ.

ಗಡಿನಾಡು ಗಣಕ
ಅರ್ಕಾವೊತ್ತು! ಮೊದಲೇ ಹೇಳಿದ್ದೆ.

ಪೆರ್ಲದ ಪಿಕ್ಸೆಲ್
ಬ್ರೌಸರ್ ಹಳೆಯ ಪ್ರತಿಯನ್ನೇ ಇಟ್ಟುಕೊಂಡಿದೆ. ಕಂಟ್ರೋಲ್ ಹಿಡಿದು ಎಫ್5 ಒತ್ತಿ. ಬಂದವರಿಗೆಲ್ಲ ಹಾಗೆ ಹೇಳಲಾಗದು, ಆದ್ದರಿಂದ ಕಡತದ ಹೆಸರಿಗೆ 2 ಸೇರಿಸಿ ಪುಟದಲ್ಲೂ ಅದನ್ನೇ ಬರೆಯಲು ಹೇಳಿ. ದೊಡ್ಡಕ್ಷರ ಸಣ್ಣಕ್ಷರ ಎರಡೂ ಕಡೆ ಒಂದೇ ಇರಲಿ. ವಿಂಡೋಸ್‌ನಲ್ಲಿ ನಡೆದುಹೋಗುತ್ತದೆ, ಲಿನಕ್ಸ್ ಸರ್ವರ್‌ನಲ್ಲಿ ಚಿತ್ರವೇ ಬಾರದು.

ಮುಳ್ಳೇರಿಯ ಮದ್ದಳೆ
ಎಫ್5 ಒತ್ತಿದ ಕೂಡಲೇ ಸರಿಯಾಯಿತು. ಹೆಸರನ್ನೂ ಬದಲಾಯಿಸುತ್ತೇವೆ. ಇನ್ನೊಂದು ಸಂಗತಿ: ಮಲಯಾಳದಲ್ಲೂ ಇದೇ ಬಟನ್‌ಗಳು ಬೇಕೆಂದು ಅಧ್ಯಕ್ಷರು ಈಗ ಹೇಳುತ್ತಿದ್ದಾರೆ. ಅದೇ ಅಳತೆಯಲ್ಲಿ ಹಿಡಿಯುತ್ತದೆಯೇ?

ನೀರ್ಚಾಲು ಅಕ್ಕ
ಪದಗಳ ಉದ್ದ ಒಂದೇ ಇರುವುದಿಲ್ಲ. ಒಂದೊಂದಕ್ಕೂ ಬೇರೆ ಚಿತ್ರ ಮಾಡುತ್ತೀರೋ, ಚಿತ್ತಾರವನ್ನು ಹಿನ್ನೆಲೆಗೆ ಹಾಕುತ್ತೀರೋ ನೀವೇ ನೋಡಿ. ಎರಡನೆಯದಾದರೆ ಹೇಳಿ, ಸಾಲುಗಳನ್ನು ಬರೆದುಕೊಡುತ್ತೇನೆ.

ಉಪ್ಪಳ ಪ್ರಿಂಟರ್ಸ್
ಮೂರು ಭಾಷೆ ಎಂದರೆ ನಮ್ಮಲ್ಲಿಗೆ ಬನ್ನಿ ಎಂದೆನಲ್ಲ.