ಅಪ್‌ಡೇಟ್: ಎಂಜಿನ್‌ಎಕ್ಸ್ ಹಿಂದಿನ ನೆಕ್ಸ್ಟ್‌ಕ್ಲೌಡ್ ಸರಿಯಾಯಿತು

ವಿರಾಜಪೇಟೆಯ ನಮ್ಮ ಕಾಫಿ ತೋಟದ ಲೆಕ್ಕಪತ್ರಗಳಿಗಾಗಿ ಮನೆಯ ಸರ್ವರ್‌ನಲ್ಲಿ ಹಾಕಿಕೊಂಡಿರುವ ನೆಕ್ಸ್ಟ್‌ಕ್ಲೌಡ್ (ಫೈಲ್‌ಗಳನ್ನು ಇಟ್ಟು ಹಂಚಿಕೊಳ್ಳುವ ತಂತ್ರಾಂಶ), ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನ ರಿವರ್ಸ್ ಪ್ರಾಕ್ಸಿಯ (ಹೊರಗಿನ ಕೋರಿಕೆಗಳನ್ನು ಪಡೆದು ಒಳಗಿನ ಸರ್ವರ್‌ಗೆ ದಾಟಿಸುವ ವ್ಯವಸ್ಥೆ) ಮೂಲಕ ಸುರಕ್ಷಿತ ಎಚ್‌ಟಿಟಿಪಿಎಸ್‌ನಲ್ಲಿ ತೆರೆದರೂ ಲಿಂಕ್‌ಗಳನ್ನು ಗೂಢಲಿಪೀಕರಣವಿಲ್ಲದ ಎಚ್‌ಟಿಟಿಪಿ ಎಂದೇ ಕೊಡುತ್ತಿದೆ, ದೊಡ್ಡ ಫೈಲ್‌ಗಳು 413 ದೋಷ (ಕಳಿಸಿದ್ದು ಮಿತಿಗಿಂತ ದೊಡ್ಡದು ಎಂಬ ಸೂಚನೆ) ತೋರಿಸಿ ನಿಲ್ಲುತ್ತಿವೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು, ಎರಡೂ ಬಗೆಹರಿದಿವೆ.

ಎಚ್‌ಟಿಟಿಪಿಎಸ್ ಸಂಪರ್ಕ ಪ್ರಾಕ್ಸಿಯಲ್ಲೇ ಮುಗಿದು ಒಳಗೆ ಸಾದಾ ಎಚ್‌ಟಿಟಿಪಿ ಹೋಗುವುದರಿಂದ ಮೂಲ ಸಂಪರ್ಕ ಯಾವುದೆಂದು ನೆಕ್ಸ್ಟ್‌ಕ್ಲೌಡ್‌ಗೆ ತಿಳಿಯುವುದಿಲ್ಲ. ಆದ್ದರಿಂದ ಮೂಲ ಸಂಪರ್ಕ ಯಾವುದೆಂದು ಹೇಳುವ ‘ಎಕ್ಸ್-ಫಾರ್ವರ್ಡೆಡ್-ಪ್ರೊಟೊ’ ಹೆಡರ್ (ಕೋರಿಕೆಯ ಜೊತೆ ಹೋಗುವ ಮಾಹಿತಿ) ಅನ್ನು ಪ್ರಾಕ್ಸಿಯಿಂದ ಕಳಿಸಿ, ನೆಕ್ಸ್ಟ್‌ಕ್ಲೌಡ್‌ನ ಕಾನ್ಫಿಗ್‌ನಲ್ಲಿ ಪ್ರಾಕ್ಸಿಯ ಐಪಿ ವಿಳಾಸವನ್ನು ‘ಟ್ರಸ್ಟೆಡ್ ಪ್ರಾಕ್ಸೀಸ್’ (ನಂಬಬಹುದಾದ ಪ್ರಾಕ್ಸಿಗಳು) ಪಟ್ಟಿಗೆ ಸೇರಿಸಿ, ಲಿಂಕ್‌ಗಳು ಯಾವುದರಲ್ಲಿರಬೇಕೆಂದು ಹೇಳುವ ‘ಓವರ್‌ರೈಟ್ ಪ್ರೊಟೊಕಾಲ್’ ಅನ್ನು ಎಚ್‌ಟಿಟಿಪಿಎಸ್ ಎಂದಿಟ್ಟೆ. ಆ ಪಟ್ಟಿಗೆ ಇಡೀ ನೆಟ್‌ವರ್ಕನ್ನೇ ಸೇರಿಸುವಂತೆ ಉತ್ತರಗಳಲ್ಲಿ ಬಂದ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ಆಗ ನೆಟ್‌ವರ್ಕ್‌ನ ಯಾವ ಸಾಧನವಾದರೂ ಸುಳ್ಳು ಹೆಡರ್ ಕಳಿಸಿ ನಂಬಿಸಬಹುದು.

413ಕ್ಕೆ ಕಾರಣ ಒಂದು ಕೋರಿಕೆಯ ಗಾತ್ರಕ್ಕೆ ಎಂಜಿನ್‌ಎಕ್ಸ್‌ನಲ್ಲಿರುವ 1 ಎಂಬಿ ಡಿಫಾಲ್ಟ್ ಮಿತಿ. ಆ ಮಿತಿಯನ್ನು ನಿಗದಿಪಡಿಸುವ ‘ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್’ ಹೆಚ್ಚಿಸಿ ಎಂಜಿನ್‌ಎಕ್ಸ್ ರೀಲೋಡ್ ಮಾಡಿದೊಡನೆ ಅಪ್‌ಲೋಡ್ ಸರಾಗವಾಯಿತು.