ಅಮ್ಮನಿಗೆ ಮರೆವೋ, ಕಿವಿ ಕೇಳಿಸುತ್ತಿಲ್ಲವೋ? ಆಡಿಯಾಲಜಿಸ್ಟ್ ಮೇಡಂಗೆ ನಮ್ಮ ಗುಂಪಿನ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಬುಧವಾರದ ವಿಷಯ ವಯಸ್ಸಾದವರ ಕಿವಿ ಮತ್ತು ಮರೆವು. ನಮ್ಮ ಗುಂಪಿನವರೇ ಆದ ಆಡಿಯಾಲಜಿಸ್ಟ್ ಮೇಡಂ ಸಂಜೆ ಏಳರಿಂದ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಆಡಿಯಾಲಜಿಸ್ಟ್: ನಮಸ್ಕಾರ. ನಾನು ಕಿವಿ ಪರೀಕ್ಷೆ ಮಾಡಿ ಮಷೀನ್ ಹೊಂದಿಸಿ ಕೊಡುವವಳು, 18 ವರ್ಷ ಆಯಿತು. ಔಷಧಿ ಬರೆಯುವವರು ಇಎನ್‌ಟಿ ಡಾಕ್ಟರು. ಮರೆವಿನ ಕಾಯಿಲೆ ಹೌದೋ ಅಲ್ಲವೋ ಅಂತ ಹೇಳಬೇಕಾದವರು ನರರೋಗ ಅಥವಾ ಮನೋರೋಗ ತಜ್ಞರು. ಇಷ್ಟು ನೆನಪಿಟ್ಟುಕೊಂಡು ಕೇಳಿ.

ತುಮಕೂರು ಮಗಳು: ಮೇಡಂ, ಅಮ್ಮನಿಗೆ 71. ಒಂದೂವರೆ ವರ್ಷದಿಂದ ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವೇ ಇರಲ್ಲ. 'ತಟ್ಟೆ ತಗೊಂಡು ಬಾಮ್ಮ' ಅಂದರೆ ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ಎತ್ತಿಕೊಂಡು ಬಂದರು. ಹಬ್ಬಕ್ಕೆ ಎಲ್ಲರೂ ಸೇರಿದರೆ ಎದ್ದು ಒಳಗೆ ಹೋಗಿ ಮಲಗಿಬಿಡುತ್ತಾರೆ. ಹೋದ ತಿಂಗಳು ಒಂದು ಕಡೆ ತೋರಿಸಿದಾಗ ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 17 ಬಂತು. ಡಿಮೆನ್ಷಿಯಾ ಶುರು ಅಂತ ಮಾತ್ರೆ ಕೊಟ್ಟಿದ್ದಾರೆ. ಸಕ್ಕರೆ ಕಾಯಿಲೆಯೂ ಇದೆ. ಕಿವಿ ಸ್ವಲ್ಪ ಮಂದ, ಅದು ವಯಸ್ಸಿನದು ಅಂತ ಬಿಟ್ಟಿದ್ದೆವು. ಮೊನ್ನೆ ಭಾನುವಾರ ಬೆಳಿಗ್ಗೆ ಎದ್ದಾಗಿನಿಂದ ಬಲಗಿವಿ ಪೂರ್ತಿ ಮುಚ್ಚಿಕೊಂಡಿದೆ, ಗುಂಯ್ ಅನ್ನುತ್ತೆ ಅಂತಿದ್ದಾರೆ. ಗುಗ್ಗೆ ಕಟ್ಟಿರಬೇಕು ಅಂತ ಎಣ್ಣೆ ಬಿಡುತ್ತಿದ್ದೇವೆ. ಮಷೀನ್ ಹಾಕಿಸಿದರೆ ಮರೆವು ವಾಸಿಯಾಗುತ್ತಾ?

ಶುಭೋದಯ ಅಂಕಲ್: ಬೆಳ್ಳುಳ್ಳಿ ನಾಲ್ಕು ಎಸಳು ಸಾಸಿವೆ ಎಣ್ಣೆಯಲ್ಲಿ ಕಾಯಿಸಿ, ಬೆಚ್ಚಗಿರುವಾಗ ಮೂರು ಹನಿ. 21 ದಿನದಲ್ಲಿ ಕಿವಿನರ ಚುರುಕು, ನೆನಪಿನ ಶಕ್ತಿಯೂ ಹೆಚ್ಚುತ್ತದೆ. ಎಲ್ಲರಿಗೂ ಕಳಿಸಿ 🙏

ಧಾರವಾಡದವ: ಮೇಡಮ್ಮಾರ, ನಮ್ಮ ಅಪ್ಪಾಗ 80 ಆಗ್ಯಾವ್ರೀ. ಆನ್‌ಲೈನ್‌ದಾಗ 1,800 ರೂಪಾಯಿ ಮಷೀನ್ ತರಿಸಿ ಕೊಟ್ಟೀವಿ. ಕಿವ್ಯಾಗ ಇಟ್ಕೊಂಡ್ರ ಕೊಂಯ್ ಅಂತೈತಿ, ತಗದು ಒಗದಾರ. ಬ್ಯಾರೆ ಯಾವ್ದು ತರಬೇಕ್ರೀ?

ಆಡಿಯಾಲಜಿಸ್ಟ್: ಬೇರೆಯವರು ಸ್ವಲ್ಪ ತಡೆಯಿರಿ. ಮೊದಲು ತುಮಕೂರಿನವರು. ನಿಮ್ಮ ಪ್ರಶ್ನೆ ಮರೆವಿನದ್ದು, ನನಗೆ ಹೆದರಿಕೆಯಾಗಿದ್ದು ಕೊನೆಗೆ ಬರೆದ ಭಾನುವಾರದ ಮಾತು ಓದಿ. ಎಣ್ಣೆ ಈಗಲೇ ನಿಲ್ಲಿಸಿ. ಅಮ್ಮನ ಮುಖ ಓರೆಯಾಗಿದೆಯಾ, ಮಾತು ತೊದಲುತ್ತಿದೆಯಾ, ಕೈಕಾಲು ಸೋತಿದೆಯಾ, ನಡೆಯುವಾಗ ವಾಲುತ್ತಾರಾ? ಒಂದು ಇದ್ದರೂ ಈ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಅದ್ಯಾವುದೂ ಇಲ್ಲವಾದರೆ ಅಮ್ಮನನ್ನು ಎದುರಿಗೆ ಕೂರಿಸಿಕೊಳ್ಳಿ. ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು 'ಮ್‌ಮ್‌ಮ್' ಅಂತ ಗುನುಗಲಿ. ಸದ್ದು ಯಾವ ಕಿವಿಯಲ್ಲಿ ಜೋರು ಅಂತ ಕೇಳಿ. ಮುಚ್ಚಿದ ಕಿವಿಯಲ್ಲೇ ಜೋರಾದರೆ ಗುಗ್ಗೆ, ನೀರು ಇಂಥದ್ದಿರಬಹುದು. ಚೆನ್ನಾಗಿರುವ ಕಿವಿಯಲ್ಲಿ ಜೋರಾದರೆ ಒಳಕಿವಿ ಅಥವಾ ನರಕ್ಕೆ ಪೆಟ್ಟಾಗಿರುವ ಸಂಶಯ. ಉತ್ತರ ಏನೇ ಬಂದರೂ ನಾಳೆ ಡಾಕ್ಟರಿಗೆ ತೋರಿಸಲೇಬೇಕು. ಮಾಡಿ ನೋಡಿ ಬರೆಯಿರಿ, ಕಾಯುತ್ತಿರುತ್ತೇನೆ.

ಆಡಿಯಾಲಜಿಸ್ಟ್: @ಧಾರವಾಡದವ ಅದು ಬರೀ ಸದ್ದು ದೊಡ್ಡದು ಮಾಡುವ ಡಬ್ಬಿ. ಪರೀಕ್ಷೆ ಮಾಡಿಸದೆ ಇನ್ನೊಂದು ತರಬೇಡಿ.

ಆಡಿಯಾಲಜಿಸ್ಟ್: @ಶುಭೋದಯ ಅಂಕಲ್, ದಯವಿಟ್ಟು ಅಳಿಸಿ. ಕಿವಿಯ ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನಡುಗಿವಿಗೆ ಇಳಿಯುತ್ತದೆ. ಬಿಸಿ ಹೆಚ್ಚಾದರೆ ಚರ್ಮ ಸುಡುತ್ತದೆ. ಬೆಳ್ಳುಳ್ಳಿ ಚೂರು ಒಳಗೇ ಉಳಿದು ಬೂಸ್ಟು ಹಿಡಿದ ಕಿವಿಗಳನ್ನು ನಾನೇ ನೋಡಿದ್ದೇನೆ.

ತುಮಕೂರು ಮಗಳು: ಮುಖ, ಮಾತು, ನಡಿಗೆ ಎಲ್ಲ ಸರಿಯಿದೆ ಮೇಡಂ. ಗುನುಗಿಸಿದೆ. ಮೂರು ಸಲವೂ ಎಡಗಿವಿ ಅಂದರು. ಭಯವಾಗ್ತಿದೆ.

ಆಡಿಯಾಲಜಿಸ್ಟ್: ಎಡಗಿವಿ ಅಂದರೆ ಚೆನ್ನಾಗಿರುವ ಕಿವಿ. ನಾಳೆ ಬೆಳಿಗ್ಗೆ ಒಪಿಡಿ ತೆರೆಯುವಾಗಲೇ ಇಎನ್‌ಟಿ ಹತ್ತಿರ ಇರಿ, ಭಾನುವಾರದವರೆಗೆ ಕಾಯಬೇಡಿ. 'ಇದ್ದಕ್ಕಿದ್ದಂತೆ ಒಂದು ಕಿವಿ ಹೋಗಿದೆ, ನಾಲ್ಕು ದಿನ ಆಯಿತು' ಅಂತ ಮೊದಲ ಮಾತಿಗೇ ಹೇಳಿ, ಇಲ್ಲದಿದ್ದರೆ ವಯಸ್ಸಿನ ಕಿವುಡು ಅಂತ ಸಾಲಿನಲ್ಲಿ ಕೂರಿಸುತ್ತಾರೆ. ಮೂರು ದಿನದೊಳಗೆ ಹೀಗೆ ಕೇಳುವಿಕೆ ಕುಸಿದರೆ ಅದು ತುರ್ತು. ಅದೇ ದಿನ ಆಡಿಯೋಗ್ರಾಂ, ಅಂದರೆ ಯಾವ ಸದ್ದು ಎಷ್ಟು ಕೇಳಿಸುತ್ತದೆ ಅಂತ ಅಳೆಯುವ ಪರೀಕ್ಷೆ, ಮಾಡಿಸಿ. ಸಾಮಾನ್ಯವಾಗಿ ಸ್ಟಿರಾಯ್ಡ್ ಕೊಡುತ್ತಾರೆ, ಮೊದಲ ಎರಡು ವಾರದೊಳಗೆ ಶುರುವಾದರೆ ಪ್ರಯೋಜನದ ಆಸೆ ಹೆಚ್ಚು. ಸ್ಟಿರಾಯ್ಡ್ ಸಕ್ಕರೆ ಏರಿಸುತ್ತದೆ, ಹಾಗಾಗಿ ಡಯಾಬಿಟಿಸ್ ಚೀಟಿಯನ್ನೂ ಮಾತ್ರೆಗಳನ್ನೂ ಒಯ್ಯಿರಿ. ಮಾತ್ರೆಯ ಬದಲು ಕಿವಿಯೊಳಗೇ ಇಂಜೆಕ್ಷನ್ ಕೊಡುವ ದಾರಿಯೂ ಇದೆ, ಯಾವುದು ಅಂತ ಅವರು ತೀರ್ಮಾನಿಸಲಿ.

ಈಗ ಒಂದೂವರೆ ವರ್ಷದ ಕಥೆಗೆ ಬರೋಣ. ತಟ್ಟೆ ಅಂದರೆ ಬಟ್ಟೆ ತಂದರು ಅಂದಿರಲ್ಲ, ಅದನ್ನು ನಾಲ್ಕು ಸಲ ಓದಿದೆ. ತಟ್ಟೆ, ಬಟ್ಟೆ, ಕಟ್ಟೆ, ಪಟ್ಟೆ. ಇವುಗಳಲ್ಲಿ ಬದಲಾಗುವುದು ಮೊದಲ ವ್ಯಂಜನ ಮಾತ್ರ. ವಯಸ್ಸಿನ ಕಿವುಡು ಮೊದಲು ತಿನ್ನುವುದು ತೀಕ್ಷ್ಣ ಸದ್ದುಗಳ ಭಾಗವನ್ನು. ತ, ಕ, ಸ, ಶ ಗಳನ್ನು ಬೇರೆ ಮಾಡಿ ಕೇಳಿಸುವುದು ಆ ಭಾಗವೇ. ಅ, ಆ, ಓ ಎಲ್ಲ ಗಟ್ಟಿಯಾಗಿ ಬರುತ್ತವೆ. ಅದಕ್ಕೇ ಇಂಥವರು 'ಕೇಳಿಸುತ್ತೆ, ಏನಂದ್ರಿ ಅಂತ ಗೊತ್ತಾಗಲ್ಲ' ಅನ್ನುತ್ತಾರೆ. ನಿಮ್ಮಮ್ಮ ಮರೆತು ಬಟ್ಟೆ ತಂದವರಲ್ಲ. ತಮಗೆ ಕೇಳಿಸಿದ್ದನ್ನು ಸರಿಯಾಗಿ ನೆನಪಿಟ್ಟುಕೊಂಡು, ಹಿತ್ತಲಿಗೆ ಹೋಗಿ, ಹುಡುಕಿ ತಂದಿದ್ದಾರೆ. ಅಷ್ಟು ಕೆಲಸವನ್ನು ಅವರ ತಲೆ ಸರಿಯಾಗಿಯೇ ಮಾಡಿದೆ.

ಆ 30 ಅಂಕದ ಪರೀಕ್ಷೆಯಲ್ಲಿ ಪದ ಕೇಳಿಸಿಕೊಂಡು ತಿರುಗಿ ಹೇಳಬೇಕು, ಆಮೇಲೆ ನೆನಪಿಸಿಕೊಳ್ಳಬೇಕು. ಕಿವಿಗೇ ಬೀಳದ ಪದ ನೆನಪಿನಲ್ಲಿ ಹೇಗಿರುತ್ತದೆ? ಪ್ರಶ್ನೆ ಕೇಳಿದವರು ಮಾಸ್ಕ್ ಹಾಕಿದ್ದರೆ ತುಟಿಯೂ ಕಾಣಲ್ಲ. ಹಾಗಂತ ಮರೆವಿನ ಕಾಯಿಲೆ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಎರಡೂ ಒಟ್ಟಿಗೆ ಇರಬಹುದು, ಬಹಳ ಜನರಲ್ಲಿ ಇರುತ್ತವೆ. ಒಲೆ ಆರಿಸಲು ಮರೆಯುತ್ತಾರಾ? ಗೊತ್ತಿರುವ ಬೀದಿಯಲ್ಲಿ ದಾರಿ ತಪ್ಪುತ್ತಾರಾ? ಚೀಟಿಯಲ್ಲಿ ಬರೆದು ಕೇಳಿದರೆ ಸರಿ ಉತ್ತರ ಬರುತ್ತಾ? ಇವಕ್ಕೆ ಕಿವಿ ಬೇಕಿಲ್ಲ, ಬರೆದಿಟ್ಟುಕೊಂಡು ಮರೆವಿನ ಡಾಕ್ಟರಿಗೆ ಕೊಡಿ. ಬಿ12, ಥೈರಾಯ್ಡ್ ನೋಡಿದ್ದಾರಾ ಅಂತಲೂ ಕೇಳಿ. ಕೊಟ್ಟ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಕಿವಿ ಸರಿಪಡಿಸಿದ ಮೇಲೆ ಪರೀಕ್ಷೆ ಇನ್ನೊಮ್ಮೆ ಆಗಲಿ.

ಮಂಗಳೂರು ಶೆಟ್ರು: ಕಿವಿ ಮಷೀನ್ ಹಾಕಿದ್ರೆ ಡಿಮೆನ್ಷಿಯಾ ಬರುವುದೇ ಇಲ್ಲ ಅಂತ ಅಂಗಡಿಯ ಬೋರ್ಡಲ್ಲೇ ಉಂಟು ಮಾರಾಯ್ರೆ. ನೀವು ಯಾಕೆ ಸುತ್ತಿ ಬಳಸಿ ಹೇಳ್ತೀರಿ?

ಆಡಿಯಾಲಜಿಸ್ಟ್: ಆ ಬೋರ್ಡು ತಪ್ಪು. 2023ರಲ್ಲಿ ಅಮೆರಿಕದ ಅಚೀವ್ ಅನ್ನುವ ಪ್ರಯೋಗದ ಫಲಿತಾಂಶ ಬಂತು. 70ರಿಂದ 84 ವಯಸ್ಸಿನ 977 ಜನ, ಮೂರು ವರ್ಷ. ಎಲ್ಲರನ್ನೂ ಸೇರಿಸಿ ನೋಡಿದರೆ ಮಷೀನ್ ಹಾಕಿದವರಿಗೂ ಹಾಕದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹೃದಯದ ಕಾಯಿಲೆಗಳ ಹಳೆಯ ಅಧ್ಯಯನದಿಂದ ಬಂದವರ ಒಂದು ಗುಂಪಿತ್ತು. ವಯಸ್ಸು, ಇತರ ಕಾಯಿಲೆ ಹೆಚ್ಚಿದ್ದು ಮರೆವಿನ ಅಪಾಯ ಜಾಸ್ತಿಯಿದ್ದವರು. ಅವರಲ್ಲಿ ಮಾತ್ರ ಬುದ್ಧಿಶಕ್ತಿ ಇಳಿಯುವ ವೇಗ 48% ಕಡಿಮೆಯಾಗಿತ್ತು. ಕಾಯಿಲೆ ಬರಲಿಲ್ಲ ಅಂತ ಅದರರ್ಥ ಅಲ್ಲ. ಅದೇ ವರ್ಷ ಬ್ರಿಟನ್ನಿನ ದೊಡ್ಡ ದತ್ತಾಂಶ ಇಟ್ಟುಕೊಂಡು ಮಷೀನನ್ನು ಹೊಗಳಿದ್ದ ಲೇಖನವನ್ನು ವಾಪಸ್ ಪಡೆದರು. ಲೆಕ್ಕದ ಕೋಡಿನ ತಪ್ಪಿನಿಂದ ಮಷೀನ್ ಹಾಕಿದವರೂ ಹಾಕದವರೂ ಅದಲುಬದಲಾಗಿದ್ದರು.

ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ ನಾವು ಬದಲಿಸಬಹುದಾದ 14 ಕಾರಣ ಪಟ್ಟಿ ಮಾಡಿದೆ. ಕಿವುಡು ಅದರಲ್ಲಿದೆ, ಒಟ್ಟು ಡಿಮೆನ್ಷಿಯಾದಲ್ಲಿ ಅದರ ಪಾಲು ಸುಮಾರು 7%. ಇದು ಇಡೀ ಜನಸಮುದಾಯದ ಲೆಕ್ಕ, ನಿಮ್ಮ ಮನೆಯ ಒಬ್ಬರ ಭವಿಷ್ಯ ಅಲ್ಲ. ಮಷೀನ್ ಹಾಕಿಸುವುದು ಮಾತು ಕೇಳಲಿ, ಮೊಮ್ಮಗಳ ಜೊತೆ ಹರಟಲಿ, ಒಂಟಿಯಾಗದಿರಲಿ ಅಂತ. ಅಷ್ಟೇ ಸಾಕಷ್ಟು ದೊಡ್ಡ ಕಾರಣ. ಹೆದರಿಸಿ ಮಾರುವುದನ್ನು ನಾನು ಒಪ್ಪಲ್ಲ.

ದಾವಣಗೆರೆ ಸೊಸೆ: ಮಷೀನ್ ಬೆಲೆ ಎಷ್ಟು ಮೇಡಂ?

ಆಡಿಯಾಲಜಿಸ್ಟ್: ಆಡಿಯೋಗ್ರಾಂ ನೋಡದೆ ಹೇಳಲಾಗದು.

ಬೆಂಗಳೂರು ಟೆಕ್ಕಿ: ನಮ್ಮಪ್ಪನಿಗೆ 70 ಸಾವಿರದ್ದು ಕೊಡಿಸಿದೆ. ಒಂದು ವಾರ ಹಾಕಿ ಡ್ರಾಯರ್‌ನಲ್ಲಿಟ್ಟರು. ವಯಸ್ಸಾದವರಿಗೆ ಹಠ. 80ರ ಹತ್ತಿರ ಇರುವವರಿಗೆ ಇಷ್ಟು ದುಡ್ಡು ಸುರಿಯೋದು ವೇಸ್ಟ್, ಜೋರಾಗಿ ಮಾತಾಡಿದರೆ ಆಯ್ತು.

ನಿವೃತ್ತ ಮೇಷ್ಟ್ರು: ನನಗೆ 76. ಎರಡೂ ಕಿವಿಗೆ ಮಷೀನ್ ಇದೆ. ಮೊದಲ ದಿನ ತಟ್ಟೆಗೆ ಚಮಚ ತಾಗಿದ್ದು, ಪೇಪರ್ ಮಡಚಿದ್ದು ಎಲ್ಲ ತಲೆಗೆ ಬಡಿದ ಹಾಗಾಯಿತು. ನಾಲ್ಕು ಸಲ ಹೋಗಿ ಸೆಟ್ಟಿಂಗ್ ಮಾಡಿಸಿದ ಮೇಲೆ ಒಗ್ಗಿತು. ನಿಮ್ಮ ತಂದೆಯನ್ನು ಎಷ್ಟು ಸಲ ವಾಪಸ್ ಕರೆದುಕೊಂಡು ಹೋದಿರಿ?

ಬೆಂಗಳೂರು ಟೆಕ್ಕಿ: ಸರ್, ನನಗೆ ಕೆಲಸ ಇರುತ್ತೆ. ನನ್ನ ಮನೆ ವಿಷಯ ನಿಮಗೆ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು: ಜೋರಾಗಿ ಮಾತಾಡಿದರೆ ಆಯ್ತು ಅಂದಿರಿ. ಆ ಜೋರು ದನಿಯಲ್ಲಿ ಸಿಟ್ಟು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ನಾನಿರುವಾಗಲೇ 'ಅವರಿಗೆ ಕೇಳಿಸಲ್ಲ ಬಿಡು' ಅಂತ ಮಾತು ಮುಗಿಸುತ್ತಿದ್ದರು. ಮೂರು ವರ್ಷ ಸುಮ್ಮನೆ ನಗುತ್ತಾ ಕೂತಿದ್ದೆ. ಅದನ್ನೂ ಅರಳುಮರಳು ಅಂದರು.

ದಾವಣಗೆರೆ ಸೊಸೆ: ಮೇಷ್ಟ್ರೇ, ಎಲ್ಲ ಮಕ್ಕಳಿಗೂ ಸೇರಿಸಿ ಬೈಯಬೇಡಿ. ನಮ್ಮ ಅತ್ತೆ ಮಷೀನನ್ನು ಎರಡು ಸಲ ನೀರಿಗೆ ಹಾಕಿದ್ದಾರೆ. ನೋಡಿಕೊಳ್ಳುವವಳು ನಾನು, ಸಲಹೆ ಕೊಡುವವರು ಊರೆಲ್ಲ.

ಬೆಂಗಳೂರು ಟೆಕ್ಕಿ: ಅದೇ ನಾನು ಹೇಳಿದ್ದು.

ದಾವಣಗೆರೆ ಸೊಸೆ: ನೀವು ಹೇಳಿದ್ದು ಅದಲ್ಲ. ನೀವು ದುಡ್ಡಿನ ಲೆಕ್ಕ ಹೇಳಿದ್ರಿ.

ಶುಭೋದಯ ಅಂಕಲ್: ವೀಳ್ಯದೆಲೆ ರಸ + ಕರ್ಪೂರ. ಇದು ಸಾವಿರಾರು ವರ್ಷದ ಜ್ಞಾನ. ಡಾಕ್ಟರುಗಳು ಹೇಳುವುದಿಲ್ಲ.

ಆಡಿಯಾಲಜಿಸ್ಟ್: ಅಂಕಲ್, ನಾಲ್ಕು ದಿನ ಎಣ್ಣೆ ಬಿಟ್ಟುಕೊಂಡು ಕೂತಿದ್ದರಲ್ಲ, ಆ ಅಮ್ಮ ಕಳೆದುಕೊಂಡಿದ್ದು ಆ ನಾಲ್ಕು ದಿನವನ್ನು. ಕಿವಿಗೆ ಏನನ್ನೂ ಬಿಡಬೇಡಿ. ಎಣ್ಣೆ ಬೇಡ, ರಸ ಬೇಡ, ಪೆರಾಕ್ಸೈಡ್ ಬೇಡ, ಕಡ್ಡಿ ಬೇಡ, ಮೇಣದ ಬತ್ತಿ ಬೇಡ. ಅಡ್ಮಿನ್, ಇದನ್ನು ತೆಗೆಯಿರಿ.

ಮಂಗಳೂರು ಶೆಟ್ರು: ಪಾಪ ಹಿರಿಯರು, ಒಳ್ಳೆ ಮನಸ್ಸಿಂದ ಹಾಕಿದ್ದು. ಸ್ವಲ್ಪ ಮರ್ಯಾದೆಯಿಂದ ಹೇಳಬಹುದಿತ್ತು.

ಆಡಿಯಾಲಜಿಸ್ಟ್: ಎರಡು ಸಲ ದಯವಿಟ್ಟು ಅಂದಿದ್ದೇನೆ.

ಧಾರವಾಡದವ: ಮೇಡಮ್ಮಾರ, ಒಂದು ಸಲ ದಯವಿಟ್ಟು ಅಂದ್ರಿ 😀 ನನಗ ಅದನ್ನೂ ಅನ್ಲಿಲ್ಲ. ಪರೀಕ್ಷಾ ಎಲ್ಲಿ ಮಾಡಸ್ಬೇಕ್ರೀ, ರೊಕ್ಕ ಭಾಳ ಇಲ್ಲ.

ಆಡಿಯಾಲಜಿಸ್ಟ್: ನಿಜ, ಕ್ಷಮಿಸಿ. ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನ ಇಎನ್‌ಟಿ ವಿಭಾಗದಲ್ಲಿ ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಿಮಗೆ ದೂರ. 60 ದಾಟಿ ಬಿಪಿಎಲ್ ಕಾರ್ಡ್ ಇದ್ದರೆ, ಇಲ್ಲವೇ ತಿಂಗಳ ಆದಾಯ 15,000 ರೂಪಾಯಿ ಮೀರದಿದ್ದರೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಮಷೀನ್ ಉಚಿತವಾಗಿ ಕೊಡುತ್ತಾರೆ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಶಿಬಿರ ಯಾವಾಗ ಅಂತ ವಿಚಾರಿಸಿ. ಮಷೀನ್ ಸಿಕ್ಕಮೇಲೆ ಹೊಂದಿಸುವ ಕೆಲಸ ಬಿಡಬೇಡಿ. ಮೇಷ್ಟ್ರು ಹೇಳಿದ್ದು ಅಕ್ಷರಶಃ ಸತ್ಯ.

ಹಾಸನದ ಅಜ್ಜಿ ಮೊಮ್ಮಗ: ನನ್ನ ಅಜ್ಜಿಗೆ ರಾತ್ರಿ ಹಾಡು ಕೇಳಿಸುತ್ತಂತೆ, ಯಾರೂ ಹಾಡ್ತಿರಲ್ಲ. ಇದು ಕಿವಿಯದ್ದಾ?

ಹೊಸ ಸದಸ್ಯ: ಮಷೀನ್ ಬೆಲೆ?

ಆಡಿಯಾಲಜಿಸ್ಟ್: ಮೇಲೆ ಓದಿ.

ಹೊಸ ಸದಸ್ಯ: ಮೇಲೆ ಬೆಲೆ ಇಲ್ಲ.

ಬೆಂಗಳೂರು ಟೆಕ್ಕಿ: ಮೇಷ್ಟ್ರೇ, ಬೇಜಾರಾಗಿದ್ದರೆ ಸಾರಿ. ಆದರೂ ನನ್ನ ಅಭಿಪ್ರಾಯ ಅದೇ.

ತುಮಕೂರು ಮಗಳು (ಗುರುವಾರ ಸಂಜೆ): ಮೇಡಂ, ಹೋಗಿ ಬಂದೆವು. ಗುಗ್ಗೆ ಇರಲಿಲ್ಲ, ಬಲಗಿವಿಯದು ನರದ್ದೇ ಅಂದರು. ಸ್ಟಿರಾಯ್ಡ್ ಶುರುವಾಗಿದೆ, ಸಕ್ಕರೆ ದಿನಕ್ಕೆ ನಾಲ್ಕು ಸಲ ನೋಡಬೇಕು. ಎಡಗಿವಿಯೂ ಮೊದಲಿಂದಲೇ ಕಡಿಮೆ ಇತ್ತಂತೆ, ತೀಕ್ಷ್ಣ ಸದ್ದುಗಳು ಕೇಳಿಸುವುದೇ ಬಹಳ ಕಡಿಮೆ. ಅಲ್ಲಿನ ಹುಡುಗಿ ಹೆಡ್‌ಫೋನ್ ಹಾಕಿ, ಸದ್ದು ಏರಿಸಿ, ಅಮ್ಮನ ಮುಖ ನೋಡುತ್ತಾ ಮಾತಾಡಿಸಿದಳು. ಅಮ್ಮ ವಾರ, ತಿಂಗಳು, ಮೊಮ್ಮಕ್ಕಳ ಕ್ಲಾಸು ಎಲ್ಲ ಹೇಳಿದರು. ಬೆಳಿಗ್ಗೆ ಏನು ತಿಂಡಿ ಅಂದಾಗ ಮಾತ್ರ ನೆನಪಾಗಲಿಲ್ಲ. ಅಣ್ಣ ಮರೆವಿನ ಮಾತ್ರೆ ನಿಲ್ಲಿಸೋಣ ಅಂತಿದ್ದಾನೆ.

ಆಡಿಯಾಲಜಿಸ್ಟ್: ನಿಲ್ಲಿಸಬೇಡಿ. ತಿಂಡಿ ನೆನಪಾಗಲಿಲ್ಲ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ಆಡಿಯೋಗ್ರಾಂ ಯಾವತ್ತು ಅಂದಿದ್ದಾರೆ? ಬಲಗಿವಿ ಎಲ್ಲಿ ನಿಲ್ಲುತ್ತದೆ ಅಂತ ಆಗ ಗೊತ್ತಾಗುತ್ತದೆ. ಎಡಗಿವಿಯ ಮಷೀನ್‌ಗೆ ಅಲ್ಲಿಯತನಕ ಕಾಯಬೇಕಿಲ್ಲ, ಅವರನ್ನೇ ಕೇಳಿ. ಈ ರಾತ್ರಿ ಟೀವಿ ಆರಿಸಿ, ದೀಪ ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಅಮ್ಮನ ಎಡಕ್ಕೆ ಕೂತುಕೊಳ್ಳಿ. ಕೂಗಬೇಡಿ, ನಿಧಾನವಾಗಿ ಮಾತಾಡಿ.