ಯೆಜ್ಡಿ ರೋಡ್‌ಕಿಂಗ್ ಫೋರ್ಕ್ ಬೆಂಡ್ ಆಗಿದೆ: ಹಳೇ ಪೈಪ್ ರಿಪೇರಿ ಮಾಡಿಸಲಾ, ಹೊಸದು ಹಾಕಲಾ?

ಮೂಡಿಗೆರೆ ರೋಡ್‌ಕಿಂಗ್:
ಎಲ್ಲರಿಗೂ ನಮಸ್ಕಾರ. ನನ್ನದು 1986ರ ಯೆಜ್ಡಿ ಬೈಕ್, ರೋಡ್‌ಕಿಂಗ್. ತೋಟದ ದಾರಿಯಲ್ಲೂ ಮಳೆಗಾಲದ ಮಣ್ಣಿನ ಟ್ರಯಲ್‌ನಲ್ಲೂ ಓಡಿಸುವ ಗಾಡಿ. ಹೋದ ತಿಂಗಳು ಚರಂಡಿ ದಾಟುವಾಗ ಮುಂದಿನ ಚಕ್ರ ಕಲ್ಲಿಗೆ ಬಡಿಯಿತು. ಈಗ ಹ್ಯಾಂಡಲ್ ನೇರ ಹಿಡಿದರೆ ಚಕ್ರ ಎಡಕ್ಕೆ ನೋಡುತ್ತದೆ. ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿಯುವ ಫೋರ್ಕಿನ ಬಲಗಡೆ ಪೈಪಿನಲ್ಲಿ, ಆಯಿಲ್ ತಡೆಯುವ ಸೀಲ್ ಓಡಾಡುವ ಜಾಗದಲ್ಲೇ ತುಕ್ಕಿನ ಗುಳಿ ಬಿದ್ದು ಆಯಿಲ್ ಸೋರುತ್ತಿದೆ. ಹಾರ್ಡ್ ಕ್ರೋಮ್ (ಪೈಪಿನ ಮೇಲೆ ಗಟ್ಟಿ, ದಪ್ಪ ಕ್ರೋಮ್ ಪದರ) ಮಾಡಿಸಿದವರು, ಹೊಸ ಪೈಪ್ ಹಾಕಿದವರು ಅನುಭವ ಹೇಳಿ.

ಪೀಣ್ಯ 250:
ಹಾರ್ಡ್ ಕ್ರೋಮ್ ಬಿಟ್ಟು ಬೇರೆ ಯೋಚನೆ ಬೇಡ ಸರ್. ನಾನು ಮಾಡಿಸಿ ಆರು ವರ್ಷ ಆಯಿತು, ಒಂದು ಹನಿ ಸೋರಿಲ್ಲ. ಆದರೆ ಅಲ್ಲಿಗೆ ಬರುವಷ್ಟರಲ್ಲಿ ಎರಡು ಸಲ ದುಡ್ಡು ಕಳೆದುಕೊಂಡೆ. ಮೊದಲು ಸೈಲೆನ್ಸರ್, ಮಡ್‌ಗಾರ್ಡ್‌ಗೆ ಕ್ರೋಮ್ ಹಾಕುವವರ ಹತ್ತಿರವೇ ಪೈಪ್ ಕೊಟ್ಟೆ. 900 ರೂಪಾಯಿ. ಕನ್ನಡಿ ತರಹ ಹೊಳೆಯುತ್ತಿತ್ತು. ಎರಡೇ ತಿಂಗಳಿಗೆ ಈರುಳ್ಳಿ ಸಿಪ್ಪೆ ಹಾಗೆ ಎದ್ದು ಬಂತು. ಆ ಸಿಪ್ಪೆಯ ಅಂಚು ಹೊಸ ಸೀಲಿನ ತುಟಿಯನ್ನು ಕೊಯ್ದು ಹಾಕಿತು.

ಆಮೇಲೆ ಪೀಣ್ಯದಲ್ಲಿ ಹೈಡ್ರಾಲಿಕ್ ರಾಡ್ ಕೆಲಸ ಮಾಡುವ ಕಡೆ ಹೋದೆ. ಹಳೇ ಕ್ರೋಮ್ ತೆಗೆದು, ಗುಳಿ ಹೋಗುವ ತನಕ ಗ್ರೈಂಡ್ ಮಾಡಿ, ದಪ್ಪಗೆ ಹಾರ್ಡ್ ಕ್ರೋಮ್ ಕೂರಿಸಿ, ಮತ್ತೆ ಅಳತೆಗೆ ಗ್ರೈಂಡ್. ಎರಡು ಪೈಪಿಗೆ 4,200. ಮನೆಗೆ ತಂದು ನೋಡಿದರೆ ಪೈಪ್ ಜಾರುವ ಬಳೆಯಂಥ ಬುಷ್ ಒಳಗೆ ಇಳಿಯಲೇ ಇಲ್ಲ! ನಾನು ಅಳತೆ ಬರೆದುಕೊಟ್ಟಿದ್ದೆ, ಬುಷ್ ಕೊಟ್ಟಿರಲಿಲ್ಲ. ಮತ್ತೆ ಗ್ರೈಂಡಿಂಗಿಗೆ 600, ಇನ್ನೂ ಹನ್ನೊಂದು ದಿನ ಕಾಯ್ದೆ. ಪೈಪ್ ಜೊತೆ ಬುಷ್, ಸೀಲ್ ಎರಡನ್ನೂ ಕೊಟ್ಟು ಬನ್ನಿ. ಹೊಸದು ಅಂತ ಸಿಗುವ ಡೂಪ್ಲಿಕೇಟ್ ಪೈಪ್ ಹಾಕುವುದು ಮಾತ್ರ ದುಡ್ಡು ನೀರಿಗೆ ಹಾಕಿದ ಹಾಗೆ.

ಹುಬ್ಬಳ್ಳಿ ಸವಾರ:
ನೀರಿಗೆ ಹಾಕಿದ ಹಾಗೆ ಅಂತ ಸುಮ್ನೆ ಹೇಳಬೇಡ್ರಿ. ಬೆಂಡ್ ಆದ ಪೈಪಿಗೆ ಕ್ರೋಮ್ ಹಾಕಿಸಿದರೆ ಹೊಳೆಯುವ ಬೆಂಡ್ ಪೈಪ್ ಬರುತ್ತದೆ, ಅಷ್ಟೇ. ನನ್ನ ಪೈಪನ್ನು ವಿ-ಬ್ಲಾಕ್ ಮೇಲಿಟ್ಟು, ಬೆಂಡ್ ಅಳೆಯುವ ಡಯಲ್ ಹಚ್ಚಿ, ಪ್ರೆಸ್ಸಿನಲ್ಲಿ ನೇರ ಮಾಡಿಸಿದ್ದೆ. 1,100 ಕೊಟ್ಟೆ. ಎಂಟು ತಿಂಗಳಿಗೆ ಒಂದು ಹಂಪ್ ಹಾರಿದಾಗ ಅದೇ ಜಾಗದಲ್ಲಿ ಮತ್ತೆ ಬಾಗಿತು. ಹೆಂಡತಿ ಹಿಂದೆ ಕೂತಿದ್ದಳು. ಆ ದಿನ ನೆನೆಸಿಕೊಂಡರೆ ಇವತ್ತಿಗೂ ಕೈ ನಡುಗುತ್ತದೆ.

ಹೊಸ ಪೈಪ್ ಜೋಡಿಗೆ 2,600. ಮೊದಲು ಬಂದ ಜೋಡಿಯಲ್ಲಿ ಮೇಲಿನ ನಟ್ಟಿಗೆ ಥ್ರೆಡ್ ಕೂರಲಿಲ್ಲ, ಒಂದು ಪೈಪ್ 3 ಮಿ.ಮೀ. ಗಿಡ್ಡ. ವಾಪಸ್ ಕಳಿಸಲು ಕೊರಿಯರ್ 340, ಅದೂ ನನ್ನ ಕೈಯಿಂದ. ಎರಡನೇ ಜೋಡಿ ಸರಿ ಇತ್ತು. 14,000 ಕಿ.ಮೀ. ಓಡಿಸಿದ್ದೇನೆ.

ಪೀಣ್ಯ 250:
ಅದೇ ಜಾಗದಲ್ಲಿ ಬಾಗಿತು ಅಂದರೆ ಅದು ಮಡಿಕೆ ಬಿದ್ದ ಪೈಪ್. ಉದ್ದಕ್ಕೆ ಸ್ವಲ್ಪ ಬಾಗಿದ್ದರೆ ಪ್ರೆಸ್ಸಿಗೆ ಬರುತ್ತದೆ, ಮಡಿಕೆ ಬಿದ್ದರೆ ಗುಜರಿಗೆ. ಅದನ್ನು ನೇರ ಮಾಡಿಸಿದ್ದು ನಿಮ್ಮ ತಪ್ಪು, ಹಾರ್ಡ್ ಕ್ರೋಮ್ ತಪ್ಪಲ್ಲ.

ಹುಬ್ಬಳ್ಳಿ ಸವಾರ:
ನೀವು ಎರಡು ಸಲ ದುಡ್ಡು ಕಳೆದಿದ್ದು ಯಾರ ತಪ್ಪು? ನನಗೆ ಪಾಠ ಹೇಳುವ ಮೊದಲು ನಿಮ್ಮ ಮೇಲಿನ ಬರಹವನ್ನೇ ಒಮ್ಮೆ ಓದಿರಿ.

ಯಾದವಗಿರಿ ಮಗ:
ಇಬ್ಬರೂ ಪೈಪಿನ ಹಿಂದೆ ಬಿದ್ದಿದ್ದೀರಿ. ಎರಡೂ ಪೈಪನ್ನು ಮೇಲೆ ಹಿಡಿದುಕೊಳ್ಳುವ ಕ್ಲಾಂಪ್, ಅದೇ ಟಿ, ನೋಡಿದಿರಾ? ನಾನು ನೋಡದೆ ಎರಡು ಜೋಡಿ ಪೈಪ್ ಹಾಳು ಮಾಡಿದೆ. ಹೊಸ ಪೈಪ್, ಹೊಸ ಸೀಲ್, ಹ್ಯಾಂಡಲ್ ತಿರುಗುವ ಬೇರಿಂಗಿನ ಹೊಸ ಕೋನ್ ಸೆಟ್, ಎಲ್ಲ ಸೇರಿ 5,850. ಆದರೂ ಫೋರ್ಕ್ ಅರ್ಧಕ್ಕೆ ಇಳಿದು ಹಿಡಿದುಕೊಳ್ಳುತ್ತಿತ್ತು. ಮೂರು ತಿಂಗಳಿಗೆ ಎಡಗಡೆ ಬುಷ್ ಒಂದೇ ಪಕ್ಕ ಸವೆದಿತ್ತು.

ಕೊನೆಗೆ ನಮ್ಮ ತಂದೆ ಬಂದು ಕೂತರು. ಮೈಸೂರು ಯಾದವಗಿರಿಯ ಯೆಜ್ಡಿ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕುವ ತನಕ ಅಲ್ಲೇ ಇದ್ದವರು. ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಕಿಟಕಿಯ ಗಾಜು ತಾ ಅಂದರು. ಚಕ್ರ, ಫೋರ್ಕಿನ ಕೆಳಗಿನ ಕೊಳವೆ (ಬಾಟಮ್ ಕೇಸ್) ಬಿಚ್ಚಿ, ಟಿಯಲ್ಲಿ ನಿಂತ ಎರಡೂ ಪೈಪಿಗೆ ಅಡ್ಡಲಾಗಿ ಆ ಗಾಜು ಇಟ್ಟರು. ಒಂದು ಮೂಲೆ ಒತ್ತಿದರೆ ಎದುರು ಮೂಲೆ ಟಕ್ ಅಂತ ಏಳುತ್ತಿತ್ತು. ಪೈಪ್ ಎರಡೂ ನೇರ ಇದ್ದವು, ಟಿ ತಿರುಚಿಕೊಂಡಿತ್ತು. ಹಳೇ ಗಾಡಿಯದೊಂದು ಒರಿಜಿನಲ್ ಟಿ 1,500ಕ್ಕೆ ಸಿಕ್ಕಿತು. ಅದನ್ನು ಹಾಕಿದ ದಿನದಿಂದ ಗಾಡಿ ಬೆಣ್ಣೆಯ ಹಾಗೆ ಹೋಗುತ್ತದೆ.

ಕುಡ್ಲ ಕಸ್ಟಮ್:
ಇಷ್ಟೆಲ್ಲ ಒದ್ದಾಟ ಯಾಕೆ ಮಾರಾಯ್ರೆ? ನಾನು ಪಲ್ಸರ್ ಫೋರ್ಕ್ ಹಾಕಿಸಿದೆ, ಡಿಸ್ಕ್ ಬ್ರೇಕ್ ಸಮೇತ. ಸೆಟ್ 7,000, ಲೇತಿನಲ್ಲಿ ಟಿಯ ಕಡ್ಡಿ ಬದಲಿಸಲು 1,800, ಚಕ್ರಕ್ಕೆ 3,200, ಕೇಬಲ್, ಮೀಟರ್ ಅಂತ ಇನ್ನೂ 1,400. ಘಾಟಿ ಇಳಿಯುವಾಗ ಹಳೇ ಡ್ರಮ್ ಬ್ರೇಕ್ ನಂಬಿ ಒಮ್ಮೆ ಲಾರಿ ಅಡಿಗೆ ಹೋಗುವುದರಲ್ಲಿದ್ದೆ. ಈಗ ಧೈರ್ಯವಾಗಿ ಇಳಿಯುತ್ತೇನೆ.

ಯಾದವಗಿರಿ ಮಗ:
13,400 ಖರ್ಚು ಮಾಡಿ ಗಾಡಿಯ ಮುಖ ಕೆಡಿಸಿದ್ದೀರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿದ್ದೀರಾ? ನೋಂದಣಿ ಪತ್ರದ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. ಮೈಸೂರಿನಲ್ಲಿ ಜನ ಕೈಯಾರೆ ಜೋಡಿಸಿದ ಗಾಡಿ ಅದು. ಆ ಫ್ಯಾಕ್ಟರಿ ಮುಚ್ಚಿದಾಗ ನಮ್ಮ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ.

ಕುಡ್ಲ ಕಸ್ಟಮ್:
ನಿಮ್ಮ ತಂದೆಯವರ ಮೇಲೆ ಗೌರವ ಇದೆ. ಆದರೆ ನನ್ನ ಜೀವ ಗಾಡಿಯ ಮುಖಕ್ಕಿಂತ ದೊಡ್ಡದು.

ಪೀಣ್ಯ 250:
ಬ್ರೇಕ್ ಶೂ, ಕೇಬಲ್ ಸರಿ ಇಟ್ಟುಕೊಂಡರೆ ಡ್ರಮ್ ಸಾಕು. ಇನ್ನೊಂದು, ಫೋರ್ಕಿಗೆ ಇಂಜಿನ್ ಆಯಿಲ್ ಸುರಿಯಬೇಡಿ. ಫೋರ್ಕ್ ಆಯಿಲನ್ನೇ ಹಾಕಿ.

ಹುಬ್ಬಳ್ಳಿ ಸವಾರ:
ನಮ್ಮ ಕಡೆ ಮೂವತ್ತು ವರ್ಷದಿಂದ 20ಡಬ್ಲ್ಯೂ-40 ಹಾಕಿಯೇ ಓಡಿಸಿದ್ದಾರೆ. ಒಂದು ಫೋರ್ಕೂ ಸತ್ತಿಲ್ಲ.

ಪೀಣ್ಯ 250:
ಸತ್ತಿಲ್ಲ ಸರಿ. ಚಳಿಗಾಲದ ಬೆಳಿಗ್ಗೆ ಕಲ್ಲಿನ ಹಾಗೆ ಗಟ್ಟಿ ಆಗುತ್ತದೆ ಅಲ್ವಾ? ಅದನ್ನೂ ಹೇಳಿ.

ಯಾದವಗಿರಿ ಮಗ:
ಯಾವುದೇ ಆಯಿಲ್ ಹಾಕಿ, ಎರಡೂ ಕಾಲಿಗೆ ಅಳೆದು ಒಂದೇ ಸಮ ಹಾಕಿ. ಮೂಡಿಗೆರೆಯವರೇ, ಬಿಚ್ಚುವ ಮೊದಲು ಟಿಯ ಬೋಲ್ಟ್, ಆಕ್ಸಲ್ ಬೋಲ್ಟ್ ಸಡಿಲ ಮಾಡಿ. ಚಕ್ರವನ್ನು ಎರಡು ಮೊಣಕಾಲ ನಡುವೆ ಗಟ್ಟಿಯಾಗಿ ಹಿಡಿದು ಹ್ಯಾಂಡಲ್ ತಿರುಗಿಸಿ ನೋಡಿ. ಎಷ್ಟೋ ಸಲ ಕ್ಲಾಂಪಿನಲ್ಲಿ ಪೈಪ್ ಜರುಗಿರುತ್ತದೆ, ಅಷ್ಟೇ.

ಮೂಡಿಗೆರೆ ರೋಡ್‌ಕಿಂಗ್:
ಭಾನುವಾರ ಎಲ್ಲವನ್ನೂ ಮಾಡಿದೆ. ಮೊಣಕಾಲ ನಡುವೆ ಹಿಡಿದು ತಿರುಗಿಸಿದಾಗ ಹ್ಯಾಂಡಲ್ ಮುಕ್ಕಾಲು ಭಾಗ ನೇರಕ್ಕೆ ಬಂತು, ಪೂರ್ತಿ ಬರಲಿಲ್ಲ. ಬಿಚ್ಚಿ ಅಡ್ಡ ಗಾಜು ಇಟ್ಟೆ. ಅಲ್ಲಾಡುತ್ತಿತ್ತು. ಪೈಪ್ ತೆಗೆದು ಅದೇ ಗಾಜಿನ ಮೇಲೆ ಉರುಳಿಸಿದೆ. ಎಡಗಡೆಯದು ಸದ್ದಿಲ್ಲದೆ ಉರುಳಿತು. ಬಲಗಡೆಯದು ಪ್ರತಿ ಸುತ್ತಿಗೂ ಒಮ್ಮೆ ಎದ್ದು ಬೀಳುತ್ತದೆ, ಬೆಳಕಿಗೆ ಹಿಡಿದರೆ ಸಂದಿನಲ್ಲಿ ಉಗುರು ತೂರುತ್ತದೆ. ಅದೇ ಜಾಗದಲ್ಲಿ ಬೆರಳಿಗೆ ಮಡಿಕೆಯ ಏಣು ಸಿಗುತ್ತದೆ. ಬಲಗಡೆಗೆ ಹೊಸ ಪೈಪ್, ಎಡಗಡೆಗೆ ಹಾರ್ಡ್ ಕ್ರೋಮ್ ಅಂದುಕೊಂಡಿದ್ದೇನೆ. ಗಾಜು ಅಲ್ಲಾಡಿದ್ದರಿಂದ ಟಿ ಮೇಲೂ ಅನುಮಾನ ಇದೆ. ಪೈಪ್ ಆಮೇಲೆ, ಮೊದಲು ಟಿ ಹುಡುಕುತ್ತೇನೆ.

ಹುಬ್ಬಳ್ಳಿ ಸವಾರ:
ಒಂದು ಹೊಸದು, ಒಂದು ಹಳೇದು ಬೇಡ್ರಿ. ಜೋಡಿನೇ ಹಾಕಿರಿ.

ಪೀಣ್ಯ 250:
ಎಡಗಡೆ ಪೈಪ್ ಎಸೆಯಬೇಡಿ ಸರ್. ನೀವು ಕ್ರೋಮ್ ಮಾಡಿಸದಿದ್ದರೆ ನನಗೆ ಕೊಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.